ವಿಂಡ್ಸರ್, ವಾರಿಕ್, ಕೆನಿಲ್‌ವರ್ತ್: ಮನೆಮಂದಿಯೆಲ್ಲ ಹೋಗೋಕೆ ಯಾವ ಕೋಟೆ?

ಇಂಗ್ಲೆಂಡಿನಲ್ಲಿ ಕೋಟೆಗಳಿಗೆ ಬರವಿಲ್ಲ. ಮಕ್ಕಳಿಗೆ ರಜೆ, ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಯಾವುದಕ್ಕೆ ಕರೆದುಕೊಂಡು ಹೋಗೋದು ಅನ್ನೋದೇ ಪ್ರಶ್ನೆ. ನಮ್ಮ ಮನೆ ಆಕ್ಸ್‌ಫರ್ಡ್ ಹತ್ತಿರ. ವಿಂಡ್ಸರ್, ವಾರಿಕ್, ಕೆನಿಲ್‌ವರ್ತ್ ಮೂರೂ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಐದು ವರ್ಷದ ಮಗ, ಒಂಬತ್ತರ ಮಗಳು, ಮಂಡಿನೋವಿರುವ ಅಮ್ಮ, ಚರಿತ್ರೆ ಅಂದರೆ ಪ್ರಾಣ ಬಿಡುವ ಅಪ್ಪ, ಎಲ್ಲರೂ ಮೂರನ್ನೂ ನೋಡಿದ್ದೇವೆ. ಒಂದನ್ನೇ ಹೇಳು ಅಂದರೆ ನಾನು ಹೇಳೋದು ಕೆನಿಲ್‌ವರ್ತ್. ಮೂರರಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ.

ಮಕ್ಕಳನ್ನು ಕೇಳಿದರೆ ಮೊದಲ ಉತ್ತರ ವಾರಿಕ್. ಅಲ್ಲಿ ಎಲ್ಲವನ್ನೂ ಮಕ್ಕಳಿಗಾಗಿಯೇ ಸಜ್ಜು ಮಾಡಿದ್ದಾರೆ. ಹದ್ದು, ಗಿಡುಗ, ಗೂಬೆ ತಲೆಯ ಮೇಲೇ ಹಾರಿಹೋಗುವ ಪ್ರದರ್ಶನ ಇದೆ. ಏವನ್ ನದಿಯ ಪಕ್ಕ 18 ಮೀಟರ್ ಎತ್ತರದ ಟ್ರೆಬುಶೆ ನಿಂತಿದೆ. ಹಿಂದಿನ ಕಾಲದಲ್ಲಿ ಕೋಟೆ ಗೋಡೆಗೆ ಕಲ್ಲೆಸೆಯುತ್ತಿದ್ದ ಯಂತ್ರದ ಮಾದರಿ ಅದು. ತೋಟದಲ್ಲಿ ನವಿಲುಗಳು ಓಡಾಡುತ್ತವೆ. ನಮ್ಮ ಅಮ್ಮನಿಗೆ ಇಡೀ ವಾರಿಕ್‌ನಲ್ಲಿ ತುಂಬ ಹಿಡಿಸಿದ್ದು ಆ ನವಿಲುಗಳೇ. ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ 1068ರಲ್ಲಿ ಇಲ್ಲಿ ಮೊದಲ ಕೋಟೆ ಕಟ್ಟಿಸಿದ. ಈಗ ಅದನ್ನು ನಡೆಸುತ್ತಿರುವುದು ಥೀಮ್ ಪಾರ್ಕುಗಳನ್ನು ನಡೆಸುವ ಮರ್ಲಿನ್ ಕಂಪನಿ. ಒಳಗೆ ಕಾಲಿಟ್ಟರೆ ಅದು ಗೊತ್ತಾಗುತ್ತದೆ. ಒಂದು ಪ್ರದರ್ಶನ ಮುಗಿಯುವಷ್ಟರಲ್ಲಿ ಇನ್ನೊಂದರ ಹೊತ್ತಾಗಿರುತ್ತದೆ. ಮಕ್ಕಳು ಖುಷಿಯಾಗಿದ್ದರು, ನಿಜ. ಆದರೆ ಒಂದು ಗೋಡೆಯ ಮುಂದೆ ನಿಂತು ಇದನ್ನು ಯಾಕೆ ಹೀಗೆ ಕಟ್ಟಿದರು ಅಂತ ಕೇಳುವಷ್ಟು ಪುರುಸೊತ್ತು ಅವರಿಗೆ ಸಿಗಲಿಲ್ಲ. ಗೋಪುರ, ಕೋಟೆ ಗೋಡೆ ಎಲ್ಲ ಸುತ್ತಿ ಬರಲು ಐನೂರಕ್ಕೂ ಜಾಸ್ತಿ ಮೆಟ್ಟಿಲು. ದಾರಿ ಒಂದೇ ಕಡೆಗೆ, ಸುರುಳಿ ಮೆಟ್ಟಿಲು ಇಕ್ಕಟ್ಟು. ಮಂಡಿನೋವಿನವರು ಹತ್ತುವ ಯೋಚನೆಯನ್ನೇ ಮಾಡಬಾರದು.

ವಿಂಡ್ಸರ್ ಇದಕ್ಕೆ ಪೂರ್ತಿ ಉಲ್ಟಾ. ಅದು ಇವತ್ತಿಗೂ ರಾಜಮನೆತನದವರು ವಾಸ ಮಾಡುವ ಅರಮನೆ. ವಿಮಾನ ನಿಲ್ದಾಣದ ಹಾಗೆ ಬ್ಯಾಗು ತಪಾಸಣೆ ಮಾಡಿಸಿಕೊಂಡೇ ಒಳಗೆ ಹೋಗಬೇಕು. 1992ರ ಬೆಂಕಿಯಲ್ಲಿ ಸುಟ್ಟು, ಮತ್ತೆ ಕಟ್ಟಿದ ಸೇಂಟ್ ಜಾರ್ಜ್ ಸಭಾಂಗಣದ ಮರದ ಛಾವಣಿಯನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಕೋಟೆಯೊಳಗಿನ ಪ್ರಾರ್ಥನಾ ಮಂದಿರ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ ಎಂಟನೇ ಹೆನ್ರಿಯ ಸಮಾಧಿ ಇದೆ, ಎರಡನೇ ಎಲಿಜಬೆತ್ ರಾಣಿಯ ಸಮಾಧಿಯೂ ಇದೆ.

ಆದರೆ ಕನ್ನಡದವರು ವಿಂಡ್ಸರ್‌ಗೆ ಒಮ್ಮೆ ಹೋಗಲೇಬೇಕು ಅಂತ ನಾನು ಹೇಳೋದು ಬೇರೆ ಕಾರಣಕ್ಕೆ. ಗ್ರ್ಯಾಂಡ್ ವೆಸ್ಟಿಬ್ಯೂಲ್ ಅನ್ನೋ ಕೋಣೆಯಲ್ಲಿ ಟಿಪ್ಪು ಸುಲ್ತಾನನ ಸಿಂಹಾಸನದ ಹುಲಿಯ ತಲೆ ಇದೆ. ಮರದ ಮೇಲೆ ಚಿನ್ನದ ತಗಡು, ಕಣ್ಣು ಹಲ್ಲು ಸ್ಫಟಿಕದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಲೂಟಿ ಹಂಚಿಕೊಳ್ಳಲು ಸಿಂಹಾಸನವನ್ನೇ ಒಡೆದು ತುಂಡು ಮಾಡಿದರು. ಅದರ ತುಂಡುಗಳಲ್ಲಿ ಇದೂ ಒಂದು. ಅಪ್ಪ ಅದರ ಮುಂದಿಂದ ಕದಲಲೇ ಇಲ್ಲ. ಮಗಳು "ತಾತ, ಇದು ನಮ್ಮೂರ ಹತ್ತಿರದ್ದಾ? ಮತ್ತೆ ಇಲ್ಲಿ ಯಾಕಿದೆ?" ಅಂತ ಕೇಳಿದಳು. ಅಪ್ಪ ಅಲ್ಲೇ ನಿಂತು ಮೈಸೂರು ಯುದ್ಧಗಳ ಕಥೆಯನ್ನು ಮೊದಲಿಂದ ಹೇಳಿದರು. ಅಷ್ಟು ಗಮನ ಕೊಟ್ಟು ಅವಳು ಯಾವ ಪಾಠವನ್ನೂ ಕೇಳಿದ್ದು ನಾನು ನೋಡಿಲ್ಲ. ಆ ವಸ್ತು ಅಲ್ಲಿರೋದು ನೋಡಿದರೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ಆದರೂ ಮಕ್ಕಳು ಅದನ್ನು ನೋಡಬೇಕು, ಪ್ರಶ್ನೆ ಕೇಳಬೇಕು.

ಐದು ವರ್ಷದವನಿಗೆ ಮಾತ್ರ ಕಷ್ಟ. ಮುಟ್ಟಬೇಡ, ಓಡಬೇಡ, ಮೆಲ್ಲಗೆ ಮಾತಾಡು, ಇದನ್ನೇ ಹೇಳುತ್ತಾ ದಿನ ಕಳೆಯುತ್ತದೆ. ಬುತ್ತಿ ಬಿಚ್ಚಿ ಕೂರುವ ಜಾಗವೂ ಅದಲ್ಲ. ನಾವು ಗುಡ್ಡ ಇಳಿದು ಥೇಮ್ಸ್ ದಂಡೆಯಲ್ಲಿ ಕೂತು ಪುಳಿಯೋಗರೆ ತಿಂದೆವು.

ಇನ್ನು ಕೆನಿಲ್‌ವರ್ತ್. ಇದು ಪಾಳು ಕೋಟೆ. ಕೆಂಪು ಮರಳುಗಲ್ಲಿನ ದೊಡ್ಡ ದೊಡ್ಡ ಗೋಡೆಗಳು, ಮಧ್ಯೆ ಹಸಿರು ಹುಲ್ಲು, ಮೇಲೆ ಆಕಾಶ. ಪ್ರದರ್ಶನಗಳ ವೇಳಾಪಟ್ಟಿ ಹಿಡಿದು ಓಡುವ ಅವಸರವಿಲ್ಲ. ಮಗ ಅಂಗಡಿಯಲ್ಲಿ ಕೊಂಡ ಮರದ ಕತ್ತಿ ಹಿಡಿದು ಮನಸಾರೆ ಓಡಿದ, ಬೇಡ ಅನ್ನುವ ಕಾರಣವೇ ಇರಲಿಲ್ಲ.

ಇಲ್ಲಿನ ಒಂದೊಂದು ಗೋಡೆಯೂ ಪ್ರಶ್ನೆ ಹುಟ್ಟಿಸುತ್ತದೆ. ನಾರ್ಮನ್ನರ ಕಾಲದ ದಪ್ಪ ಗೋಪುರಕ್ಕೆ ಮೂರೇ ಕಡೆ ಗೋಡೆ. ನಾಲ್ಕನೆಯದು ಎಲ್ಲಿ? ಹದಿನೇಳನೇ ಶತಮಾನದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧ ಮುಗಿದ ಮೇಲೆ, ಮತ್ತೆ ಯಾರೂ ಇದನ್ನು ಹಿಡಿದು ಕಾದಾಡಬಾರದು ಅಂತ ಪಾರ್ಲಿಮೆಂಟಿನ ಕಡೆಯವರು ಬೇಕಂತಲೇ ಕೆಡವಿದರು. ಕೋಟೆಯ ಹೊರಗೆ ಬಯಲು ಕಾಣುತ್ತದಲ್ಲ, ಅಲ್ಲಿ ಒಂದು ಕಾಲಕ್ಕೆ ಕಟ್ಟೆ ಕಟ್ಟಿ ನಿಲ್ಲಿಸಿದ ದೊಡ್ಡ ಕೆರೆ ಇತ್ತು. 1266ರಲ್ಲಿ ಮೂರನೇ ಹೆನ್ರಿಯ ಸೈನ್ಯ ಮುತ್ತಿಗೆ ಹಾಕಿದಾಗ ಒಳಗಿದ್ದ ಬಂಡಾಯಗಾರರು ಸುಮಾರು ಆರು ತಿಂಗಳು ತಡೆದುಕೊಂಡರು. ಅದರಲ್ಲಿ ಆ ನೀರಿನ ಪಾಲು ದೊಡ್ಡದು. ಕೊನೆಗೆ ಸೋಲಿಸಿದ್ದು ಹಸಿವು ಮತ್ತು ರೋಗ. ಕೆರೆ ಏರಿ ಅಂದರೇನು ಅಂತ ಗೊತ್ತಿರುವ ನಮ್ಮ ಅಪ್ಪ ನೀರು ಎಲ್ಲಿವರೆಗೆ ನಿಂತಿರಬಹುದು ಅಂತ ಕೈ ಚಾಚಿ ತೋರಿಸಿದರು, ಮಕ್ಕಳ ಕಣ್ಣಿಗೆ ಅದು ಕಂಡೇಬಿಟ್ಟಿತು.

1575ರಲ್ಲಿ ಮೊದಲ ಎಲಿಜಬೆತ್ ರಾಣಿ ಇಲ್ಲಿ 19 ದಿನ ಉಳಿದಿದ್ದಳು. ಅವಳಿಗಾಗಿ ಆಗ ಕೋಟೆಯ ಒಡೆಯನಾಗಿದ್ದ ರಾಬರ್ಟ್ ಡಡ್ಲಿ ಕಟ್ಟಿಸಿದ ಮಹಡಿಗಳ ನೆಲ ಬಿದ್ದುಹೋಗಿದೆ. ಈಗ ಒಳಗೆ ಹೊಸ ಮೆಟ್ಟಿಲು, ಅಟ್ಟಣಿಗೆ ಹಾಕಿದ್ದಾರೆ. ರಾಣಿ ಹೊರಗೆ ನೋಡುತ್ತಿದ್ದ ಕಿಟಕಿಯ ಎತ್ತರಕ್ಕೆ ಹತ್ತಿ ನಿಲ್ಲಬಹುದು. ಅಮ್ಮ ಹತ್ತಲಿಲ್ಲ. 2009ರಲ್ಲಿ ಮತ್ತೆ ರೂಪಿಸಿದ ರಾಣಿಯ ತೋಟದಲ್ಲಿ, ಕಾರಂಜಿ ಹತ್ತಿರ ಆರಾಮಾಗಿ ಕೂತಿದ್ದರು. ವಾರಿಕ್‌ನಲ್ಲಿ ನಾವು ಬರುವವರೆಗೆ ಕಾಯುತ್ತಾ ಕೂತಿದ್ದ ಅಮ್ಮ ಇಲ್ಲಿ ತಾವೂ ನೋಡಲು ಬಂದವರ ಹಾಗೆ ಇದ್ದರು. ನನಗೆ ಅದು ದೊಡ್ಡ ವ್ಯತ್ಯಾಸ.

ಮಳೆ ಬಂದರೆ ಮಾತ್ರ ಕೆನಿಲ್‌ವರ್ತ್ ಸೋಲುತ್ತದೆ. ಹಳೆಯ ಕುದುರೆ ಲಾಯದಲ್ಲಿರುವ ಟೀ ಅಂಗಡಿ, ಡಡ್ಲಿಯ ಹೆಬ್ಬಾಗಿಲ ಕಟ್ಟಡ, ಮಳೆಯಿಂದ ತಪ್ಪಿಸಿಕೊಳ್ಳೋಕೆ ಅಷ್ಟೇ. ಅಂಥ ದಿನ ವಿಂಡ್ಸರೇ ಮೇಲು.

ದುಡ್ಡಿನ ಲೆಕ್ಕ ಹೇಳುವುದಾದರೆ, ಕೆನಿಲ್‌ವರ್ತ್ ನೋಡಿಕೊಳ್ಳುತ್ತಿರುವುದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆ. ಅದರ ಸದಸ್ಯರಾದರೆ ಒಬ್ಬ ದೊಡ್ಡವರ ಜೊತೆ ಮನೆಯ ಆರು ಮಕ್ಕಳವರೆಗೆ ಉಚಿತ. ಅದೇ ಕಾರ್ಡಿನಲ್ಲಿ ಡೋವರ್ ಕೋಟೆಗೂ ಹೋಗಬಹುದು. ವಿಂಡ್ಸರ್ ಟಿಕೆಟ್ ದುಬಾರಿ, ಐದು ವರ್ಷದೊಳಗಿನವರಿಗೆ ಮಾತ್ರ ಉಚಿತ. ವಾರಿಕ್‌ಗೆ ಮುಂಚೆಯೇ ಆನ್‌ಲೈನಿನಲ್ಲಿ ತೆಗೆದುಕೊಂಡರೆ ಉಳಿತಾಯ, ಪಾರ್ಕಿಂಗ್ ದುಡ್ಡು ಬೇರೆ.

ವಿಂಡ್ಸರ್ ಸಾಮಾನ್ಯವಾಗಿ ಮಂಗಳವಾರ, ಬುಧವಾರ ಮುಚ್ಚಿರುತ್ತದೆ. ಭಾನುವಾರ ಚಾಪೆಲ್ ನೋಡಲು ಬಿಡುವುದಿಲ್ಲ. ವಾರಿಕ್ ಮತ್ತು ಕೆನಿಲ್‌ವರ್ತ್ ನಡುವೆ ಸುಮಾರು 8 ಕಿಲೋಮೀಟರ್ ಅಷ್ಟೇ, ಒಂದೇ ದಿನ ಎರಡೂ ಮುಗಿಸೋಣ ಅನ್ನಿಸುತ್ತದೆ. ಬೇಡ. ವಾರಿಕ್ ಮುಗಿಸಿ ಸುಸ್ತಾದ ಮಕ್ಕಳಿಗೆ ಕೆನಿಲ್‌ವರ್ತ್ ಬರೀ ಕಲ್ಲಾಗಿ ಕಾಣುತ್ತದೆ. ಕೆನಿಲ್‌ವರ್ತ್‌ಗೇ ಅಂತ ಒಂದು ಪೂರ್ತಿ ಬೆಳಗ್ಗೆ, ಒಂದು ಜಮಖಾನ, ಡಬ್ಬಿ ತುಂಬ ಚಿತ್ರಾನ್ನ ಇಟ್ಟುಕೊಂಡು ಹೋಗಿ.