ಸಂಶೋಧನೆಯ ಪ್ರದರ್ಶನ: ಕಾರವಾರವೋ, ಶಿರಸಿಯೋ?

ಪ್ರಾಧ್ಯಾಪಕರ ಸಂಶೋಧನೆ, ಆವಿಷ್ಕಾರ, ಕಟ್ಟಡ ವಿನ್ಯಾಸಗಳನ್ನು ಜನರ ಮುಂದಿಡಲು ಊರು ಹುಡುಕುತ್ತಿದ್ದೀರಾ?

ಕಡಲಜೀವಿ, ಮೀನುಗಾರಿಕೆ, ಕಡಲ್ಕೊರೆತದ ವಿಷಯವಾದರೆ ಕಾರವಾರವೇ ಸರಿ. ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಅಧ್ಯಯನ ಕೇಂದ್ರವಿದೆ, ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಜಿಲ್ಲಾ ಕೇಂದ್ರವಾದ್ದರಿಂದ ಅಧಿಕಾರಿಗಳನ್ನೂ ಕರೆಯಬಹುದು.

ಕೃಷಿ ಯಂತ್ರಗಳಿಗೆ ಮಾತ್ರ ನನ್ನ ಮತ ಶಿರಸಿಗೆ. ಅರಣ್ಯ ಮಹಾವಿದ್ಯಾಲಯ ಅಲ್ಲಿದೆ ಎಂಬುದಕ್ಕಿಂತ, ಅಡಿಕೆ ಬೆಳೆಗಾರರು ಅಲ್ಲಿದ್ದಾರೆ ಎಂಬುದು ದೊಡ್ಡ ಕಾರಣ. ಸುಲಿಯುವ ಯಂತ್ರ ಇಟ್ಟರೆ ಅವರು ಸುಮ್ಮನೆ ನೋಡಿ ಹೋಗುವುದಿಲ್ಲ. ಹಸಿ ಅಡಿಕೆಗೂ ಚಾಲಿಗೂ (ಸಿಪ್ಪೆಸಮೇತ ಒಣಗಿಸಿದ ಅಡಿಕೆಗೂ) ಇದೇ ಆಗುತ್ತದೆಯೇ, ಅಡಿಕೆಗೆ ಗಾಯವಾಗುತ್ತದೆಯೇ, ಕೆಟ್ಟರೆ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಸಂಶೋಧಕನಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ಕಟ್ಟಡ ವಿನ್ಯಾಸ ಎರಡೂ ಕಡೆ ನಡೆಯುತ್ತದೆ, ಆದರೆ ಪ್ರಶ್ನೆ ಬೇರೆ: ಕಾರವಾರದಲ್ಲಿ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುವುದು, ಶಿರಸಿಯಲ್ಲಿ ಮಳೆಗೆ ಗೋಡೆ ನೆನೆಯುವುದು. ನಕ್ಷೆಯ ಜೊತೆ ಮಾದರಿಯನ್ನೂ ಇಡಿ.

ಊರು ಯಾವುದಾದರೂ, ಹೊಸ ಯಂತ್ರವನ್ನು ಹೊರಗಿಡುವ ಮೊದಲು ಪೇಟೆಂಟ್ ಅರ್ಜಿ ಸಲ್ಲಿಸಿ. ಬಹಿರಂಗ ಪ್ರದರ್ಶನದಿಂದ ಹೊಸತನ ಹೋಗಿ ಪೇಟೆಂಟ್ ಹಕ್ಕೇ ಕೈತಪ್ಪಬಹುದು. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿದರೂ ಸಾಕು, ಪೂರ್ಣ ವಿವರಣೆಗೆ 12 ತಿಂಗಳ ಅವಕಾಶವಿರುತ್ತದೆ.