ತಾರಸಿ ಸೋಲಾರ್: ನನ್ನದು ಹಳೇ ಕರಾರು, ತಂಗಿಯದು ಹೊಸ ಸಬ್ಸಿಡಿ

ಸೋಲಾರ್ ಹಾಕಿಸಬೇಕು ಅಂತಿರುವವರು ಮೊದಲು ಕೇಳುವುದು ಯಾವ ಕಂಪನಿಯ ಪ್ಯಾನೆಲ್ ಒಳ್ಳೆಯದು ಎಂದು. ನಮ್ಮ ತಾರಸಿಯ ಮೇಲೆ 2017ರಿಂದ 3 ಕಿಲೋವ್ಯಾಟ್ ಸೋಲಾರ್ ಇದೆ. ತಂಗಿಯ ಮನೆಗೆ 2024ರಲ್ಲಿ ಕೇಂದ್ರದ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅಷ್ಟೇ ಸಾಮರ್ಥ್ಯದ್ದನ್ನು ಹಾಕಿಸಲು ನಾನೇ ಓಡಾಡಿದೆ. ಎರಡೂ ಮನೆಯ ಬಿಲ್ಲುಗಳನ್ನು ನೋಡುತ್ತಾ ಬಂದವನಾಗಿ ಹೇಳುತ್ತೇನೆ: ಪ್ಯಾನೆಲ್‌ಗಳ ನಡುವೆ ಅಂಥಾ ದೊಡ್ಡ ಅಂತರವಿಲ್ಲ. ನೀವು ಯಾವ ವರ್ಷ, ಯಾವ ದರಕ್ಕೆ ವಿದ್ಯುತ್ ಕಂಪನಿಯ ಜೊತೆ ಕರಾರಿಗೆ ಸಹಿ ಹಾಕಿದಿರಿ, ಮನೆಯಲ್ಲಿ ಕರೆಂಟು ಎಷ್ಟು ಖರ್ಚಾಗುತ್ತದೆ, ಇವೆರಡೇ ಲೆಕ್ಕವನ್ನು ತೀರ್ಮಾನಿಸುತ್ತವೆ.

ನೆಟ್ ಮೀಟರಿಂಗ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಹಗಲು ಪ್ಯಾನೆಲ್‌ನಿಂದ ಬಂದ ಕರೆಂಟು ಮೊದಲು ಮನೆಗೆ ಹೋಗುತ್ತದೆ, ಮಿಕ್ಕಿದ್ದು ಕಂಬಕ್ಕೆ. ರಾತ್ರಿ ಕಂಬದಿಂದ ನಾವು ತೆಗೆದುಕೊಳ್ಳುತ್ತೇವೆ. ಎರಡೂ ದಿಕ್ಕಿನ ಲೆಕ್ಕ ಇಡುವ ಮೀಟರ್ ಕೂರಿಸುತ್ತಾರೆ. ತಿಂಗಳ ಕೊನೆಗೆ ಕೊಟ್ಟಿದ್ದರಲ್ಲಿ ತೆಗೆದುಕೊಂಡಿದ್ದನ್ನು ಕಳೆಯುತ್ತಾರೆ. ನಾವು ಹೆಚ್ಚು ತೆಗೆದುಕೊಂಡಿದ್ದರೆ ವ್ಯತ್ಯಾಸಕ್ಕೆ ಮಾಮೂಲಿ ದರದಲ್ಲಿ ಬಿಲ್. ಹೆಚ್ಚು ಕೊಟ್ಟಿದ್ದರೆ ಆ ಹೆಚ್ಚುವರಿ ಯೂನಿಟ್ಟಿಗೆ ಕರಾರಿನ ದರದಲ್ಲಿ ನಮಗೆ ದುಡ್ಡು. ಈ ಕರಾರು 25 ವರ್ಷದ್ದು, ಸಹಿ ಹಾಕಿದ ಕಾಲದ ದರವೇ ಕೊನೆತನಕ.

ಆ ದರ ಹೇಗೆ ಇಳಿದಿದೆ ನೋಡಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರ ಅಕ್ಟೋಬರ್ ಆದೇಶದಲ್ಲಿ ಸಬ್ಸಿಡಿ ಪಡೆಯದವರಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಕೊಟ್ಟಿತ್ತು. ಪ್ಯಾನೆಲ್ ಬೆಲೆ ದುಬಾರಿಯಿದ್ದ ಕಾಲ ಅದು. ಬೆಲೆ ಬಿದ್ದ ಹಾಗೆ ದರವನ್ನೂ ಇಳಿಸುತ್ತಾ ಬಂದರು. 2016ರ ಮೇ ಆದೇಶದಲ್ಲಿ 10 ಕಿಲೋವ್ಯಾಟ್‌ವರೆಗಿನವರಿಗೆ ಅದು 7 ರೂಪಾಯಿ 8 ಪೈಸೆಗೆ ಬಂತು. ನನ್ನ ಕರಾರು ಇದೇ ದರದ್ದು. ಅಲ್ಲಿಂದ ಮುಂದೆ ಇನ್ನೂ ಇಳಿದು, ಈಗ ಸಬ್ಸಿಡಿ ಪಡೆದು ಹಾಕಿಸುವ ಸಣ್ಣ ಮನೆಗಳಿಗೆ ಹೆಚ್ಚುವರಿ ಯೂನಿಟ್ಟಿಗೆ ಸಿಗುವುದು 3 ರೂಪಾಯಿಯೊಳಗೆ.

ನಾನು ಹಾಕಿಸಿದಾಗ ಸಬ್ಸಿಡಿ ಬೇಡವೆಂದು ಪೂರ್ತಿ ಕೈಯಿಂದಲೇ ಕೊಟ್ಟೆ. ಸಬ್ಸಿಡಿ ಪಡೆದವರಿಗೆ ಮಾರಾಟ ದರ 6 ರೂಪಾಯಿ 3 ಪೈಸೆ ಇತ್ತು. 25 ವರ್ಷಕ್ಕೆ ಒಂದು ರೂಪಾಯಿ ಐದು ಪೈಸೆಯ ಅಂತರ ಸಣ್ಣದಲ್ಲ ಅನ್ನಿಸಿತು. ನಮ್ಮದು ಇಬ್ಬರೇ ಇರುವ ಮನೆ, ಎ.ಸಿ. ಇಲ್ಲ, ಸ್ನಾನದ ನೀರಿಗೆ ಬೇರೆ ಸೋಲಾರ್ ಹೀಟರ್ ಇದೆ. ಬೇಸಿಗೆಯ ಒಂದು ಬಿಲ್ ಇಲ್ಲಿ ಕೊಡುತ್ತೇನೆ: ಇಂಪೋರ್ಟ್ (ಕಂಬದಿಂದ ತೆಗೆದುಕೊಂಡದ್ದು) 140, ಎಕ್ಸ್‌ಪೋರ್ಟ್ (ಕಂಬಕ್ಕೆ ಕೊಟ್ಟದ್ದು) 265, ನಿವ್ವಳ 125 ಯೂನಿಟ್ ನಮ್ಮ ಕಡೆಗೆ. 7.08ರ ಲೆಕ್ಕದಲ್ಲಿ 885 ರೂಪಾಯಿ ಜಮಾ, ಅದರಲ್ಲಿ ನಿಗದಿತ ಶುಲ್ಕ ಕಳೆದು ಉಳಿದದ್ದು ನಮ್ಮದು. ಮನೆಬಳಕೆಯ ದರ 2025-26ರಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು. ನಾನು ಮಾರುವ ದರವೇ ಅದಕ್ಕಿಂತ ಜಾಸ್ತಿ. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ಫ್ಯಾನ್ ಆರಿಸಿದರೂ ಲಾಭ. ಹಳೇ ನೀತಿ ಜನರಿಗೆ ಹೇಳಿಕೊಟ್ಟಿದ್ದು ಉಳಿಸಿ, ಮಾರಿ ಎಂದು.

ತಂಗಿಯ ಮನೆಯ ಕಥೆ ಪೂರ್ತಿ ಬೇರೆ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000 ರೂಪಾಯಿ. ನೀವು 5 ಕಿಲೋವ್ಯಾಟ್ ಹಾಕಿಸಿದರೂ ಅಷ್ಟೇ. ದುಡ್ಡು ನೇರ ಬ್ಯಾಂಕ್ ಖಾತೆಗೆ ಬರುತ್ತದೆ, ಆದರೆ ಕೆಲಸ ಮುಗಿದು ಮೀಟರ್ ಕೂತ ಮೇಲೆ. ಅಲ್ಲಿಯವರೆಗೆ ಪೂರ್ತಿ ಮೊತ್ತವನ್ನು ನೀವು ಹೊಂದಿಸಬೇಕು, ಇಲ್ಲವೇ ಸಾಲ ಮಾಡಬೇಕು. ಸಾಲಕ್ಕೆ ಅಡಮಾನ ಕೇಳುವುದಿಲ್ಲ, ಬಡ್ಡಿಯೂ ಬೇರೆ ಸಾಲಗಳಿಗಿಂತ ಕಡಿಮೆ. ಪ್ಯಾನೆಲ್ ಮಾತ್ರ ಒಳಗಿನ ಸೆಲ್ ಸಮೇತ ದೇಶದಲ್ಲೇ ತಯಾರಾದದ್ದಿರಬೇಕು, ಸೋಲಾರ್ ಹಾಕಿಕೊಡುವ ಏಜೆನ್ಸಿಯವರು ಇದನ್ನು ಡಿಸಿಆರ್ ಪ್ಯಾನೆಲ್ ಎನ್ನುತ್ತಾರೆ. ಆಮದು ಸೆಲ್ಲಿನದ್ದಕ್ಕಿಂತ ಅದರ ಬೆಲೆ ಜಾಸ್ತಿ. ಹಾಗಾಗಿ 78,000ವೂ ಉಳಿತಾಯವೇ ಎಂದುಕೊಳ್ಳಬೇಡಿ, ಅದರಲ್ಲಿ ಒಂದು ಪಾಲು ಈ ಹೆಚ್ಚಿನ ಬೆಲೆಗೇ ಹೋಗುತ್ತದೆ.

ತಂಗಿಯ ಮನೆಯಲ್ಲಿ ಎ.ಸಿ., ಇಂಡಕ್ಷನ್ ಒಲೆ, ಬೋರ್‌ವೆಲ್ ಮೋಟಾರ್ ಎಲ್ಲ ಇವೆ. ಮೊದಲು ಬೇಸಿಗೆ ಬಿಲ್ ಮೂರು ಸಾವಿರ ದಾಟುತ್ತಿತ್ತು. ಈಗ ಅಂಥದ್ದೇ ತಿಂಗಳಲ್ಲಿ ಇಂಪೋರ್ಟ್ 260, ಎಕ್ಸ್‌ಪೋರ್ಟ್ 190 ಬಂದು, 70 ಯೂನಿಟ್ಟಿಗಷ್ಟೇ ಬಿಲ್ ಆಗುತ್ತದೆ. ನಿಗದಿತ ಶುಲ್ಕ ಸೇರಿ ಒಂಬೈನೂರರ ಆಸುಪಾಸು. ಅವಳು ಕಂಬಕ್ಕೆ ಕೊಟ್ಟ ಒಂದೊಂದು ಯೂನಿಟ್ಟೂ ಅದೇ ತಿಂಗಳು ಕೊಳ್ಳಬೇಕಾಗಿದ್ದ ಒಂದು ಯೂನಿಟ್ಟನ್ನು ಕಳೆಯುತ್ತದೆ, ಅಂದರೆ ತೆರಿಗೆ ಮತ್ತು ಸರ್‌ಚಾರ್ಜ್ ಸೇರಿ ಆರೂವರೆ ರೂಪಾಯಿಗೂ ಹೆಚ್ಚು ಬೆಲೆ. ಹೆಚ್ಚುವರಿಯಾಗಿ ಉಳಿದರೆ ಮಾತ್ರ ಆ ಮೂರು ರೂಪಾಯಿಯೊಳಗಿನ ದರ. "ಅಣ್ಣ, ಹಂಗಾದ್ರೆ 5 ಕಿಲೋವ್ಯಾಟ್ ಹಾಕ್ಸೋದು ಬೇಡ್ವಾ?" ಎಂದು ಅವಳು ಕೇಳಿದಾಗ ಬೇಡವೆಂದಿದ್ದೆ. ಏಜೆನ್ಸಿಯವನು ದೊಡ್ಡದಕ್ಕೇ ಒತ್ತಾಯ ಮಾಡುತ್ತಿದ್ದ. ಹೊಸ ನೀತಿಯಲ್ಲಿ ಮನೆಯ ವರ್ಷದ ಬಳಕೆಯನ್ನು ಮೀರಿ ಹಾಕಿಸಿದ ಒಂದೊಂದು ಪ್ಯಾನೆಲ್ಲಿನ ದುಡ್ಡೂ ಬಹಳ ನಿಧಾನವಾಗಿ ವಾಪಸ್ಸಾಗುತ್ತದೆ.

ನಮ್ಮ ಬಯಲುಸೀಮೆಯಲ್ಲಿ 1 ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಎಂದು ಹಿಡಿಯಿರಿ. 3 ಕಿಲೋವ್ಯಾಟ್‌ಗೆ ತಿಂಗಳಿಗೆ 360ರ ಸುತ್ತಮುತ್ತ. ಫೆಬ್ರವರಿ, ಮಾರ್ಚ್‌ನಲ್ಲಿ ಜಾಸ್ತಿ, ಮುಂಗಾರಿನಲ್ಲಿ ಕಡಿಮೆ. ಮೇ ತಿಂಗಳ ಬಿಸಿಲಿಗೆ ಕರೆಂಟು ಹೆಚ್ಚು ಬರಬೇಕಲ್ಲ ಎನ್ನುತ್ತಾರೆ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಶಾಖವಲ್ಲ. ಕಾದಷ್ಟೂ ಉತ್ಪಾದನೆ ಕುಗ್ಗುತ್ತದೆ.

ಇನ್ನು ಗೃಹಜ್ಯೋತಿಯ ಮಾತು. ಇದನ್ನು ಯಾವ ಏಜೆನ್ಸಿಯವರೂ ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. 2023ರ ಜುಲೈನಿಂದ ರಾಜ್ಯದಲ್ಲಿ 200 ಯೂನಿಟ್ ಒಳಗಿನ ಬಳಕೆಗೆ, ಆ ಮನೆಯ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿದ ಮಿತಿಯಲ್ಲಿ, ಕರೆಂಟು ಉಚಿತ. ತಿಂಗಳಿಗೆ 100, 120 ಯೂನಿಟ್ ಉರಿಸುವ ಮನೆಗೆ ಬಿಲ್ಲೇ ಶೂನ್ಯ. ಅಂಥ ಮನೆಯವರು ಒಂದು ಲಕ್ಷಕ್ಕೂ ಹೆಚ್ಚು ದುಡ್ಡು ಹಾಕಿ ಉಳಿಸುವುದೇನನ್ನು? ಕೇಂದ್ರದ ಯೋಜನೆ ಯಾವ ಸಣ್ಣ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಮೊದಲ 2 ಕಿಲೋವ್ಯಾಟ್‌ಗೆ ಹೆಚ್ಚು ಸಬ್ಸಿಡಿ ಇಟ್ಟಿತೋ, ನಮ್ಮ ರಾಜ್ಯದಲ್ಲಿ ಆ ಮನೆಗಳಿಗೆ ಸೋಲಾರ್‌ನ ಅಗತ್ಯವೇ ಕಾಣುತ್ತಿಲ್ಲ. ಗೃಹಜ್ಯೋತಿಯಿಂದ ಬಡವರ ಮನೆಗೆ ಆಗಿರುವ ಅನುಕೂಲವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದು ಬೇಡವೆನ್ನುತ್ತಿಲ್ಲ. ಆದರೆ ಆ ಸಹಾಯಧನದ ಒಂದು ಪಾಲನ್ನು ಅದೇ ಮನೆಗಳ ತಾರಸಿಗೆ ಪ್ಯಾನೆಲ್ ಹಾಕಲು ಬಳಸಿದರೆ ಸರ್ಕಾರದ ಮೇಲಿನ ಹೊರೆಯೂ ವರ್ಷ ವರ್ಷ ಇಳಿಯುತ್ತದಲ್ಲ ಎಂಬ ಆಸೆ ನನ್ನದು.

ದೊಡ್ಡ ಬಳಕೆಯವರ ಲೆಕ್ಕವೂ ಬದಲಾಗಿದೆ. 2022-23ರಲ್ಲಿ 200 ದಾಟಿದ ಯೂನಿಟ್ಟಿಗೆ 8 ರೂಪಾಯಿ 20 ಪೈಸೆ ಇತ್ತು. ಬಳಕೆ ಏರಿದಂತೆ ದರ ಏರುವ ಸ್ಲ್ಯಾಬ್ ತೆಗೆದು ಎಲ್ಲರಿಗೂ ಒಂದೇ ದರ ಮಾಡಿದ ಮೇಲೆ ಅದು 6 ರೂಪಾಯಿಗಿಂತ ಕೆಳಗೆ ಬಂದಿದೆ. ಗ್ರಾಹಕನಾಗಿ ಇದು ಸಂತೋಷದ ಸುದ್ದಿ. ಸೋಲಾರ್ ಹಾಕಿಸಿದವನ ದುಡ್ಡು ವಾಪಸ್ ಬರುವ ಕಾಲ ಮಾತ್ರ ಅಷ್ಟರಮಟ್ಟಿಗೆ ಮುಂದಕ್ಕೆ ಹೋಯಿತು. ಅದೇ ಹೊತ್ತಿಗೆ ನಿಗದಿತ ಶುಲ್ಕ ಏರಿದೆ, 2025-26ರಲ್ಲಿ ಮನೆಗೆ ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ಇತ್ತು. ಇದನ್ನು ಸೋಲಾರ್ ಕಳೆಯುವುದಿಲ್ಲ. 1 ಕಿಲೋವ್ಯಾಟ್ ಮಂಜೂರಾತಿ ಇದ್ದವರು ಸೋಲಾರ್‌ಗೋಸ್ಕರ ಲೋಡ್ 3ಕ್ಕೆ ಏರಿಸಿದರೆ ಆ ದರದಲ್ಲಿ ತಿಂಗಳಿಗೆ 290 ರೂಪಾಯಿ ಹೆಚ್ಚುವರಿ. ಇದನ್ನು ಲೆಕ್ಕಕ್ಕೆ ಸೇರಿಸಿಯೇ ಮುಂದುವರಿಯಿರಿ.

ಕಾಗದಪತ್ರ ಈಗ ನಿಜಕ್ಕೂ ಸುಲಭವಾಗಿದೆ. 2024ರ ನಿಯಮ ತಿದ್ದುಪಡಿಯ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲ, ಒಪ್ಪಿಗೆ ಸಿಕ್ಕಿದಂತೆಯೇ. ನನ್ನ ಕಾಲದಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ತಡೆಯುವ ಶಕ್ತಿ ಇದೆಯೇ ಎಂಬ ವರದಿಗೇ ವಾರಗಟ್ಟಲೆ ಕಾಯಬೇಕಿತ್ತು. ತಂಗಿಯ ಅರ್ಜಿ ನಿಂತಿದ್ದು ಬೇರೆ ಕಡೆ: ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ಇನ್ನೂ ತೀರಿಹೋದ ಮಾವನ ಹೆಸರಿನಲ್ಲಿತ್ತು. ಅರ್ಜಿದಾರರ ಹೆಸರು, ಬಿಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಇರದಿದ್ದರೆ ಸಬ್ಸಿಡಿ ನಿಂತುಹೋಗುತ್ತದೆ. ಹೆಸರು ಬದಲಾವಣೆ ಮುಗಿಸಿಕೊಂಡೇ ಏಜೆನ್ಸಿಗೆ ಮುಂಗಡ ಕೊಡಿ. ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡ ಏಜೆನ್ಸಿಯೇ ಆಗಿರಬೇಕು, 5 ವರ್ಷದ ನಿರ್ವಹಣೆ ಅವರ ಹೊಣೆ ಎಂಬುದು ಒಪ್ಪಂದದಲ್ಲಿ ಬರಹರೂಪದಲ್ಲಿ ಇರಲಿ.

ನನಗೆ ಅತಿ ಹೆಚ್ಚು ಬೇಸರ ತಂದದ್ದು ಬಿಲ್ಲಿಂಗ್. ಮೀಟರ್ ಬದಲಾದ ಮೇಲೆ ಕೆಲವು ತಿಂಗಳು ಬರೀ ಇಂಪೋರ್ಟ್ ಹಿಡಿದು ಬಿಲ್ ಕೊಟ್ಟರು. ಮೀಟರ್ ರೀಡರ್ ಹುಡುಗ "ಸಾರ್, ನಮ್ ಮಷಿನ್‌ನಲ್ಲಿ ಎಕ್ಸ್‌ಪೋರ್ಟ್ ಕಾಲಂ ಬರ್ತಾನೇ ಇಲ್ಲ, ಆಫೀಸಲ್ಲೇ ಹಾಕಿಸ್ಬೇಕು" ಎಂದ. ಆಫೀಸಿನಲ್ಲಿ ಕೇಳಿದರೆ ರೀಡರ್ ತರಬೇಕು ಎಂದರು. ಪಾಪ, ಹುಡುಗನದ್ದೇನೂ ತಪ್ಪಿರಲಿಲ್ಲ. ಕೊನೆಗೆ ಮೀಟರ್‌ನ ಡಿಸ್‌ಪ್ಲೇ ಒಂದೊಂದೇ ಬದಲಾಗುವಾಗ ಇಂಪೋರ್ಟ್, ಎಕ್ಸ್‌ಪೋರ್ಟ್ ಎರಡೂ ಸಂಖ್ಯೆಯ ಫೋಟೋ ತೆಗೆದು, ತಾರೀಖು ಹಾಕಿ, ಲಿಖಿತ ಅರ್ಜಿ ಜೊತೆ ಕೊಟ್ಟ ಮೇಲೆ ಹಿಂದಿನದ್ದೂ ಸೇರಿ ಸರಿಹೋಯಿತು. ಈಗಲೂ ಪ್ರತಿ ತಿಂಗಳು ರೀಡಿಂಗ್ ದಿನ ಆ ಫೋಟೋ ತೆಗೆದಿಡುತ್ತೇನೆ. ಪ್ಯಾನೆಲ್‌ನ ಕರೆಂಟನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್‌ನ ಆ್ಯಪ್ ತೋರಿಸುವುದು ಒಟ್ಟು ಉತ್ಪಾದನೆ. ಅದನ್ನು ಎಕ್ಸ್‌ಪೋರ್ಟ್‌ಗೆ ಹೋಲಿಸಿ ಮೋಸವಾಯಿತೆಂದು ಜಗಳಕ್ಕೆ ಹೋದವರಿದ್ದಾರೆ. ಹಗಲಲ್ಲಿ ಮನೆಯೇ ಬಳಸಿಕೊಂಡದ್ದು ಎಕ್ಸ್‌ಪೋರ್ಟ್‌ನಲ್ಲಿ ಬರುವುದಿಲ್ಲ.

ಇನ್ನೊಂದು ತೊಂದರೆ ನಮ್ಮ ಬೀದಿಯಲ್ಲಿ ಮೂರ್ನಾಲ್ಕು ಮನೆಗೆ ಸೋಲಾರ್ ಬಂದ ಮೇಲೆ ಶುರುವಾಯಿತು. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ, ಬಿಸಿಲು ಚೆನ್ನಾಗಿದ್ದಾಗಲೇ, ಇನ್ವರ್ಟರ್‌ನ ಹಸಿರು ದೀಪ ಕೆಂಪಾಗಿ ನಿಂತುಬಿಡುತ್ತಿತ್ತು. ಪರದೆಯಲ್ಲಿ ನೋಡಿದರೆ 230 ಇರಬೇಕಾದ ವೋಲ್ಟೇಜ್ 255 ದಾಟಿರುತ್ತಿತ್ತು. ಎಲ್ಲರೂ ಒಟ್ಟಿಗೆ ಲೈನಿಗೆ ಕರೆಂಟು ತಳ್ಳುವುದು, ಅಷ್ಟು ಹೊತ್ತಿಗೆ ಬೀದಿಯಲ್ಲಿ ಬಳಸುವವರು ಕಡಿಮೆ, ನಮ್ಮ ಮನೆ ಲೈನಿನ ತುದಿಗೆ. ಹಾಗಾಗಿ ವೋಲ್ಟೇಜ್ ಏರುತ್ತದೆ, ಇನ್ವರ್ಟರ್ ಸುರಕ್ಷತೆಗಾಗಿ ಆಫ್ ಆಗುತ್ತದೆ, ಕೆಲವು ನಿಮಿಷ ಬಿಟ್ಟು ಮತ್ತೆ ಶುರುವಾಗಿ ಮತ್ತೆ ನಿಲ್ಲುತ್ತದೆ. ಇನ್ವರ್ಟರ್ ಕೆಟ್ಟಿದೆ, ಹೊಸದು ಹಾಕಿಸಿ ಎಂದವರ ಮಾತು ಕೇಳಲಿಲ್ಲ. ಬೀದಿಯವರೆಲ್ಲ ಸೇರಿ ಅರ್ಜಿ ಕೊಟ್ಟೆವು. ಲೈನ್‌ಮ್ಯಾನ್‌ಗಳು ಬಂದು ಸಪ್ಲೈ ತೆಗೆದು ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಹೊಂದಿಸುವ ಟ್ಯಾಪನ್ನು ಒಂದು ಹಂತ ಇಳಿಸಿದರು. ಮಾರನೆಯ ದಿನದಿಂದಲೇ ಸರಿಯಾಯಿತು. ಕೋಟಿ ಮನೆಗೆ ಸೋಲಾರ್ ಎಂಬ ಗುರಿ ಇಟ್ಟುಕೊಂಡವರು ಬೀದಿಯ ತಂತಿ, ಟ್ರಾನ್ಸ್‌ಫಾರ್ಮರ್ ಕಡೆಗೂ ಅಷ್ಟೇ ಗಮನ ಕೊಡಬೇಕು. ಇಲ್ಲದಿದ್ದರೆ ಉತ್ಪಾದನೆ ಹೆಚ್ಚಿರುವ ಹೊತ್ತಿನಲ್ಲೇ ಪ್ಯಾನೆಲ್ ಸುಮ್ಮನೆ ಕೂರುತ್ತದೆ.

ನಿರ್ವಹಣೆ ದೊಡ್ಡ ಕೆಲಸವಲ್ಲ. ಬೋರ್ ನೀರಿನಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ, ಆಮೇಲೆ ಹೋಗುವುದೇ ಇಲ್ಲ, ಮಳೆನೀರು ಅಥವಾ ನಲ್ಲಿ ನೀರು ಬಳಸಿ, ಬಿಸಿಲೇರುವ ಮೊದಲೇ ಮುಗಿಸಿ. ನೆರಳಿನ ಬಗ್ಗೆ ಹುಷಾರು: ಪಕ್ಕದ ಮನೆಯ ತೆಂಗಿನ ಗರಿ ಒಂದು ಪ್ಯಾನೆಲ್ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯಬಹುದು. ಗ್ಯಾರಂಟಿ ಮುಗಿದ ಮೇಲೆ ಇನ್ವರ್ಟರ್ ಒಮ್ಮೆ ಬದಲಾಯಿಸಿದ್ದೇವೆ, ಪ್ಯಾನೆಲ್‌ಗಳು ಹಾಕಿಸಿದವೇ ಇವೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹೊಸ ಕೊಟೇಶನ್ ತೆಗೆದುಕೊಳ್ಳುವವರು ಅದು ಬೆಲೆಯಲ್ಲಿ ಇಳಿದಿದೆಯೇ ಎಂದು ಸಾಲು ಸಾಲಾಗಿ ಓದಿ.

ಕರೆಂಟು ಹೋದಾಗ ಸೋಲಾರ್ ಇದ್ದರೂ ಮನೆ ಕತ್ತಲೆಯೇ ಎಂಬುದು ಹಲವರಿಗೆ ಹಾಕಿಸಿದ ಮೇಲೆ ಗೊತ್ತಾಗುತ್ತದೆ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟು ಹೊಡೆಯಬಾರದೆಂದು ಸಪ್ಲೈ ಹೋದ ಕೂಡಲೇ ಇನ್ವರ್ಟರ್ ನಿಲ್ಲುತ್ತದೆ. ಒಂದು ಜೀವದ ಪ್ರಶ್ನೆಯಾದ್ದರಿಂದ ಅದು ಹಾಗೆಯೇ ಇರಬೇಕು. ತಂಗಿ ಈಗ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ವಿಚಾರಿಸುತ್ತಿದ್ದಾಳೆ. ಅವಳ ಊರಿನಲ್ಲಿ ಕರೆಂಟು ಹೋಗುವುದು ಅಪರೂಪ, ಕೊಟ್ಟ ಯೂನಿಟ್ಟಿಗೆ ಯೂನಿಟ್ಟೇ ಕಳೆಯುವ ನೆಟ್ ಮೀಟರಿಂಗ್ ಇರುವಾಗ ಬ್ಯಾಟರಿಗೆ ಅಷ್ಟು ದುಡ್ಡು ಹಾಕುವುದು ಬೇಡವೆಂದು ಹೇಳಿದ್ದೇನೆ. ಅದರ ಬದಲು ವಾಷಿಂಗ್ ಮಷಿನ್, ಮೋಟಾರ್, ಸ್ಕೂಟರ್ ಚಾರ್ಜಿಂಗ್ ಮೂರನ್ನೂ ಹಗಲು ಹನ್ನೊಂದರಿಂದ ಮೂರರೊಳಗೆ ಮಾಡಿಕೊಳ್ಳುತ್ತಿದ್ದಾಳೆ. ತಿಂಗಳ ಲೆಕ್ಕದಲ್ಲಿ ಬಿಲ್ಲೇನೂ ಬದಲಾಗುವುದಿಲ್ಲ, ಆದರೆ ಮಧ್ಯಾಹ್ನ ಅವಳ ಬೀದಿಯ ವೋಲ್ಟೇಜ್ ಏರುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.