ಸೋಂಕು ಹರಡುತ್ತಿದ್ದಾಗ ನೋಡಿದ ಸಿನಿಮಾಗಳು: ಕೈಹಿಡಿದದ್ದು ಯಾವುದು?

2020ರ ಜನವರಿ 30ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾ ಸೋಂಕನ್ನು ಜಾಗತಿಕ ಆರೋಗ್ಯ ತುರ್ತುಸ್ಥಿತಿ ಎಂದಿತು. ಇದು ಪ್ಯಾಂಡೆಮಿಕ್ ಎಂದು ಅದೇ ಸಂಸ್ಥೆ ಹೇಳಿದ್ದು ಮಾರ್ಚ್ 11ಕ್ಕೆ. ನಡುವಿನ ಆರು ವಾರ ಹೇಗಿತ್ತೆಂದರೆ, ಏನೋ ಬರುತ್ತಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಎಷ್ಟು ದೊಡ್ಡದು ಬರುತ್ತಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆಗಲೂ, ಮನೆಯಿಂದ ಹೊರಗೆ ಕಾಲಿಡದೆ ಕಳೆದ ಆಮೇಲಿನ ವಾರಗಳಲ್ಲೂ ನಾನು ಸಿನಿಮಾ ನೋಡಿದ್ದೇ ನೋಡಿದ್ದು.

ಗೆಳೆಯರಲ್ಲಿ ಎರಡು ಪಕ್ಷವಿತ್ತು. ರೋಗದ ಸಿನಿಮಾಗಳನ್ನೇ ನೋಡು, ಮನಸ್ಸು ಗಟ್ಟಿಯಾಗುತ್ತದೆ ಎನ್ನುವವರು ಕೆಲವರು. ಅದರ ಸಹವಾಸವೇ ಬೇಡ, ನಗಿಸುವುದನ್ನು ಹಾಕಿಕೊಂಡು ಸುದ್ದಿಯನ್ನು ಮರೆ ಎನ್ನುವವರು ಉಳಿದವರು. ಎರಡನ್ನೂ ನೋಡಿದೆ. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದು ಕೈಗೆ ಸಿಕ್ಕಿತು, ನನಗೆ ಒದಗಿ ಬಂದದ್ದು ಅದೇ. ಅದಕ್ಕೆ ಬರುವ ಮೊದಲು ಉಳಿದ ಎರಡರ ಲೆಕ್ಕ ಹೇಳಬೇಕು, ಏಕೆಂದರೆ ಅವೂ ಸುಮ್ಮನೆ ಹೋಗಲಿಲ್ಲ.

ರೋಗದ ಸಿನಿಮಾಗಳಲ್ಲಿ ಆಗ ಎಲ್ಲರೂ ಹುಡುಕಿಕೊಂಡು ಹೋದದ್ದು ಸ್ಟೀವನ್ ಸೋಡರ್‌ಬರ್ಗ್ ಅವರ ‘ಕಂಟೇಜಿಯನ್’. 2011ರ ಚಿತ್ರ. ತೆರೆ ಇನ್ನೂ ಕಪ್ಪಾಗಿರುವಾಗಲೇ ಒಂದು ಕೆಮ್ಮು ಕೇಳಿಸುತ್ತದೆ. ಆಮೇಲೆ ಮೂಡುವ ಅಕ್ಷರ ‘ಎರಡನೇ ದಿನ’. ಹಾಗಾದರೆ ಮೊದಲನೇ ದಿನ ಏನಾಯಿತು ಎಂಬ ಪ್ರಶ್ನೆಯನ್ನು ಕೊನೆಯ ನಿಮಿಷಗಳವರೆಗೂ ನಮ್ಮ ತಲೆಯಲ್ಲೇ ಬಿಟ್ಟು ಕಥೆ ಓಡುತ್ತದೆ. ಕ್ಯಾಮೆರಾ ಮುಖಗಳಿಗಿಂತ ಹೆಚ್ಚಾಗಿ ಕೈಗಳ ಬೆನ್ನು ಹತ್ತುತ್ತದೆ. ವಿಮಾನ ನಿಲ್ದಾಣದ ಬಾರಿನಲ್ಲಿ ಬಟ್ಟಲಿನೊಳಗೆ ಇಳಿದ ಬೆರಳುಗಳು, ಅದೇ ಕೈ ಚಾಚಿದ ಕಾರ್ಡು, ಅದನ್ನು ತೆಗೆದುಕೊಂಡ ಇನ್ನೊಂದು ಕೈ. ಈ ಚಿತ್ರ ಮುಗಿದ ಮೇಲೆ ಬಾಗಿಲ ಚಿಲಕವನ್ನು ನಾನು ಬೇರೆ ಕಣ್ಣಿನಿಂದಲೇ ನೋಡಿದೆ.

ಅದರಲ್ಲಿ ಕೇಟ್ ವಿನ್ಸ್ಲೆಟ್ ಅವರ ಪಾತ್ರ ಬಿಳಿ ಹಲಗೆಯ ಮುಂದೆ ನಿಂತು, ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಜನಕ್ಕೆ ರೋಗ ದಾಟುತ್ತದೆ ಎಂಬ ಸಂಖ್ಯೆಯನ್ನು ವಿವರಿಸುವ ದೃಶ್ಯವಿದೆ. ಆರ್-ನಾಟ್ ಎನ್ನುತ್ತಾರಲ್ಲ, ಅದು. ಕೊರೊನಾಕ್ಕೆ ಆ ಸಂಖ್ಯೆ 1.4ರಿಂದ 2.5ರ ನಡುವೆ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಜನವರಿಯಲ್ಲಿ ಅಂದಾಜು ಮಾಡಿತ್ತು. ಪತ್ರಿಕೆಯಲ್ಲಿ ಓದಿದಾಗ ಅದೇನು ಮಹಾ ಅನ್ನಿಸುವ ಅಂಕಿ. ಚಿತ್ರ ನೋಡಿದ ಮೇಲೆ ಒಂದಕ್ಕೂ ಎರಡಕ್ಕೂ ನಡುವಿನ ಅಂತರ ಎಷ್ಟು ಭಯಂಕರವೆಂದು ತಿಳಿಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ವೈರಾಣು ತಜ್ಞ ಇಯಾನ್ ಲಿಪ್ಕಿನ್ ಇದಕ್ಕೆ ಸಲಹೆಗಾರರಾಗಿದ್ದರು. ಕಲ್ಪನೆಯ ವೈರಾಣುವಾದರೂ ಹುಟ್ಟಿನ ದಾರಿಯಲ್ಲಿ, ಬಾವಲಿಗಳಿಂದ ಬರುವ ನಿಫಾ ವೈರಾಣುವಿನ ಛಾಯೆ ಇದೆ.

1995ರ ‘ಔಟ್‌ಬ್ರೇಕ್’ ಇದರ ಪಕ್ಕದಲ್ಲಿ ನಿಂತರೆ ಬೇರೆಯೇ ಜಾತಿ. ವೋಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶನ, ಡಸ್ಟಿನ್ ಹಾಫ್‌ಮನ್ ನಾಯಕ. ಒಂದು ಕೋತಿ, ಒಂದು ಪುಟ್ಟ ಊರು, ಆ ಊರನ್ನೇ ಬಾಂಬು ಹಾಕಿ ಸುಟ್ಟುಬಿಡಲು ಹೊರಟ ಸೇನಾಧಿಕಾರಿ, ಹೆಲಿಕಾಪ್ಟರಿನ ಬೆನ್ನಟ್ಟಾಟ. ಉಸಿರು ಬಿಗಿಹಿಡಿದು ನೋಡಬಹುದು. ಆದರೆ ರೋಗ ಮರೆಗೆ ಸರಿದು ಖಳನಾಯಕ ಮುಂದೆ ಬಂದಕೂಡಲೇ ಚಿತ್ರ ನನ್ನ ಮಟ್ಟಿಗೆ ಸುಳ್ಳಾಯಿತು. ಖಳನನ್ನು ಸೋಲಿಸಿದರೆ ರೋಗ ಸೋಲುತ್ತದೆ ಎಂಬ ನಂಬಿಕೆ ಆ ದಿನಗಳಲ್ಲಿ ತೀರಾ ಅಪಾಯಕಾರಿ. ಯಾರನ್ನಾದರೂ ಬೆರಳು ಮಾಡಿ ತೋರಿಸಬೇಕೆಂಬ ಚಪಲ ಆಗಲೇ ಎಲ್ಲೆಡೆ ಹೆಡೆ ಎತ್ತುತ್ತಿತ್ತು.

ಆದರೂ ಅದರಲ್ಲಿ ಒಂದು ದೃಶ್ಯವಿದೆ, ಅದಕ್ಕಾಗಿಯಾದರೂ ಅದನ್ನು ನೆನೆಯಬೇಕು. ಸೋಂಕು ತಗುಲಿದವನೊಬ್ಬ ತುಂಬಿದ ಚಿತ್ರಮಂದಿರದಲ್ಲಿ ಕುಳಿತಿದ್ದಾನೆ. ಕೆಮ್ಮುತ್ತಾನೆ. ಬಾಯಿಂದ ಹಾರಿದ ಹನಿಗಳನ್ನು ಕ್ಯಾಮೆರಾ ಗಾಳಿಯಲ್ಲೇ ಹಿಂಬಾಲಿಸುತ್ತದೆ. ಅವು ತೇಲಿಕೊಂಡು ಹೋಗಿ, ತೆರೆ ನೋಡುತ್ತಾ ನಗುತ್ತಿರುವವರ ಬಾಯಿ ಸೇರುತ್ತವೆ. ಹೆಚ್ಚು ಶಾಸ್ತ್ರೀಯವಾದ ‘ಕಂಟೇಜಿಯನ್’ ಬಹಳಷ್ಟು ಗಮನವನ್ನು ಮುಟ್ಟಿದ ವಸ್ತುಗಳ ಮೇಲೆ ಇಟ್ಟಿತು. ಕೊರೊನಾ ವಿಷಯದಲ್ಲಿ ಮುಟ್ಟಿದ ವಸ್ತುಗಳಿಗಿಂತ ಮುಚ್ಚಿದ ಕೋಣೆಯ ಗಾಳಿಯೇ ಮುಖ್ಯ ದಾರಿ ಎಂಬುದು ಆಮೇಲೆ ಸ್ಪಷ್ಟವಾಯಿತು. ಅಷ್ಟರ ಮಟ್ಟಿಗೆ, ಅಬ್ಬರದ ಹಳೆಯ ಚಿತ್ರವೇ ಸತ್ಯಕ್ಕೆ ಹತ್ತಿರವಿತ್ತು.

ಈ ಮೂರರಲ್ಲಿ ನಾನು ಮೇಲಿಡುವುದು ಮಲಯಾಳದ ‘ವೈರಸ್’ ಚಿತ್ರವನ್ನು. ಆಶಿಕ್ ಅಬು, 2019. ಕೋಯಿಕ್ಕೋಡಿನಲ್ಲಿ 2018ರ ಮೇ ತಿಂಗಳಲ್ಲಿ ಕಾಣಿಸಿಕೊಂಡ ನಿಫಾದ ಕಥೆ. ಇಲ್ಲಿ ಲೋಕವನ್ನು ಉಳಿಸುವ ಒಬ್ಬ ವೀರನಿಲ್ಲ. ವೈದ್ಯರು, ದಾದಿಯರು, ಹೆಣ ಸಾಗಿಸುವವರು, ಅಧಿಕಾರಿಗಳು, ಮಂತ್ರಿ, ಎಲ್ಲರೂ ತಮ್ಮ ಪಾಲಿನ ಕೆಲಸ ಮಾಡುತ್ತಾರೆ. ಕೆಲವರು ಹೆದರಿಕೊಂಡೇ ಮಾಡುತ್ತಾರೆ. ಪಾರ್ವತಿ ತಿರುವೋತ್ತು ಅವರ ಪಾತ್ರ ರೋಗಿಗಳ ನಡುವಿನ ಕೊಂಡಿ ಹುಡುಕುತ್ತಾ ಹೋಗುತ್ತದೆ. ಇವರಿಬ್ಬರಿಗೆ ಪರಿಚಯವೇ ಇಲ್ಲವಲ್ಲ, ರೋಗ ದಾಟಿದ್ದು ಎಲ್ಲಿ? ಒಂದೇ ಆಸ್ಪತ್ರೆಯಲ್ಲಿ, ಒಂದೇ ಹೊತ್ತಿನಲ್ಲಿ ಅಕ್ಕಪಕ್ಕ ಹಾದುಹೋದ ಕ್ಷಣಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಸಂಪರ್ಕ ಪತ್ತೆ ಎಂಬ ಪದ ಸುದ್ದಿಯಲ್ಲಿ ದಿನವೂ ಬೀಳುತ್ತಿತ್ತು. ಅದು ಇಷ್ಟು ತಾಳ್ಮೆಯ, ಇಷ್ಟು ಮಾನವೀಯವಾದ ಕೆಲಸವೆಂದು ತೋರಿಸಿಕೊಟ್ಟದ್ದು ಈ ಚಿತ್ರ. ‘ಕಂಟೇಜಿಯನ್’ ನೋಡಿ ಎದ್ದಾಗ ಹೆದರಿಕೆಯಿತ್ತು. ‘ವೈರಸ್’ ನೋಡಿ ಎದ್ದಾಗ ಆ ಕೆಲಸ ಮಾಡುವವರ ಮೇಲೆ ಗೌರವ ಮೂಡಿತ್ತು.

ರೋಗದ ಸಿನಿಮಾಗಳ ತೊಂದರೆ ಇರುವುದು ಅವು ಮುಗಿದ ಮೇಲೆ. ಎರಡು ಗಂಟೆಯೊಳಗೆ ತಿಂಗಳುಗಟ್ಟಲೆ ಕಾಲ ಓಡಿ, ಲಸಿಕೆ ಬಂದು, ಯಾರಿಗೆ ಮೊದಲು ಎಂದು ಹುಟ್ಟಿದ ದಿನಾಂಕದ ಚೀಟಿಯೂ ಎತ್ತಿಯಾಗಿರುತ್ತದೆ. ಇತ್ತ ಫೋನ್ ತೆಗೆದರೆ ನಾವಿನ್ನೂ ಕಥೆಯ ಮೊದಲ ಕಾಲು ಗಂಟೆಯಲ್ಲೇ ಇದ್ದೇವೆ. ಹಗಲಲ್ಲಿ ಇದನ್ನು ತಡೆದುಕೊಳ್ಳಬಹುದು. ರಾತ್ರಿ ನೋಡಿದರೆ ನಿದ್ದೆ ಹತ್ತಿರ ಸುಳಿಯುವುದಿಲ್ಲ.

ನಗೆಚಿತ್ರಗಳಿಗೆ ಹೆಚ್ಚು ಮಾತು ಬೇಡ. ಫಣಿ ರಾಮಚಂದ್ರರ ‘ಗೌರಿ ಗಣೇಶ’ (1991) ನನಗೆ ಹೆಚ್ಚುಕಡಿಮೆ ಬಾಯಿಪಾಠ. ಸುಳ್ಳಿನ ಮೇಲೆ ಸುಳ್ಳು ಪೋಣಿಸುವ ಲಂಬೋದರನಾಗಿ ಅನಂತನಾಗ್ ಬಂದರೆ ಮುಖ ತಾನಾಗಿ ಅರಳುತ್ತದೆ. ಮೊದಲ ಅರ್ಧ ಗಂಟೆ ಸುದ್ದಿ ನಿಜವಾಗಿಯೂ ಮರೆತುಹೋಗುತ್ತಿತ್ತು. ಆಮೇಲೆ ಕಣ್ಣು ತಪ್ಪು ಕಡೆ ಹೋಗತೊಡಗಿತು. ಯಾರೋ ಯಾರದೋ ಹೆಗಲ ಮೇಲೆ ಕೈ ಹಾಕಿದರು, ಇಬ್ಬರು ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ನಿಂತು ಕೂಗಾಡಿದರು, ಅಯ್ಯೋ ದೂರ ನಿಲ್ಲಿ ಅನ್ನಿಸಿತು. ಯಾವ ನಗೆಚಿತ್ರ ಹಾಕಿದರೂ ಇದೇ ಕಥೆ. ನಗೆ ಹುಟ್ಟುವುದೇ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವಾಗ. ಇದಕ್ಕೆ ಒಂದೇ ಉಪಾಯ ಫಲಿಸಿತು: ದೂರದ ಗೆಳತಿಯೊಬ್ಬಳೂ ನಾನೂ ಒಂದೇ ಹೊತ್ತಿಗೆ ಚಿತ್ರ ಶುರುಮಾಡಿ, ಫೋನನ್ನು ಪಕ್ಕದಲ್ಲಿಟ್ಟುಕೊಂಡು ನೋಡುವುದು. ಅವಳ ನಗು ಅರೆಕ್ಷಣ ತಡವಾಗಿ ಕೇಳುತ್ತಿತ್ತು. ಅಷ್ಟು ಸಾಕಾಗುತ್ತಿತ್ತು.

ಇನ್ನು ಆ ಮೂರನೆಯದು. ಉದ್ದದ, ಹಳೆಯ, ರೋಗದ ಸುಳಿವೇ ಇಲ್ಲದ ಚಿತ್ರ: ಜಪಾನಿನ ಅಕಿರಾ ಕುರೊಸಾವಾ ಅವರ ‘ಸೆವೆನ್ ಸಮುರಾಯ್’, 1954. ಒಟ್ಟು 207 ನಿಮಿಷ, ನಡುವೆ ನಿರ್ದೇಶಕರೇ ಇಟ್ಟ ಮಧ್ಯಂತರ. ಬಾರ್ಲಿ ಮಾಗಿದ ಮೇಲೆ ಡಕಾಯಿತರು ಬರುತ್ತಾರೆಂದು ಹಳ್ಳಿಯೊಂದಕ್ಕೆ ಮೊದಲೇ ಗೊತ್ತಾಗುತ್ತದೆ. ಆರಂಭದಲ್ಲಿ ಗುಡ್ಡದ ಮೇಲೆ ಕುದುರೆಗಳು ಕಾಣಿಸಿ ಮರೆಯಾಗುತ್ತವೆ; ಆಮೇಲೆ ಬಹಳ ಹೊತ್ತು ಶತ್ರುವಿನ ಸುಳಿವಿಲ್ಲ. ಮಧ್ಯಂತರದವರೆಗೆ ನಡೆಯುವುದೆಲ್ಲ ಕಾಯುವುದು ಮತ್ತು ಅಣಿಯಾಗುವುದು. ಕಾಪಾಡಲು ಸಮುರಾಯ್‌ಗಳನ್ನು, ಅಂದರೆ ಕತ್ತಿ ಹಿಡಿದ ಯೋಧರನ್ನು ಹುಡುಕಿ ತರುವುದು, ಊರಿನ ನಕ್ಷೆ ಬರೆಯುವುದು, ಬೇಲಿ ಕಟ್ಟುವುದು, ರೈತರಿಗೆ ಈಟಿ ಹಿಡಿಯಲು ಕಲಿಸುವುದು. ನಾವು ಬದುಕುತ್ತಿದ್ದದ್ದು ಇದೇ ಕಾಲವನ್ನು. ರೋಗದ ಯಾವ ಸಿನಿಮಾದಲ್ಲೂ ಈ ಕಾಯುವಿಕೆಗೆ ಇಷ್ಟು ಜಾಗವಿಲ್ಲ. ಅವಕ್ಕೆ ಮೊದಲ ಸಾವಿನತ್ತ ಓಡುವ ಅವಸರ.

ಮಧ್ಯಂತರಕ್ಕೆ ಸ್ವಲ್ಪ ಮುಂಚಿನ ದೃಶ್ಯವೊಂದನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದೆ. ಹೊಳೆಯಾಚೆಗೆ ಮೂರು ಮನೆಗಳಿವೆ, ಅವನ್ನು ಕಾಯಲು ಆಗುವುದಿಲ್ಲ, ಬಿಟ್ಟು ಬರಬೇಕು ಎಂದಾಗ ಆ ಮನೆಯವರು ಈಟಿ ಎಸೆದು, ನಮ್ಮ ಮನೆ ನಾವು ನೋಡಿಕೊಳ್ಳುತ್ತೇವೆ ಎಂದು ಸಾಲು ಬಿಟ್ಟು ಹೊರಡುತ್ತಾರೆ. ಅಲ್ಲಿಯವರೆಗೆ ಸೌಮ್ಯವಾಗಿದ್ದ ಹಿರಿಯ ಸಮುರಾಯ್ ಕಾಂಬೇಯ್ ಕತ್ತಿ ಹಿರಿದು ಓಡಿಬಂದು ಅವರನ್ನು ಸಾಲಿಗೆ ಮರಳಿಸುತ್ತಾನೆ. ಉಳಿದವರನ್ನು ಉಳಿಸಿದರಷ್ಟೇ ನಾವೂ ಉಳಿಯುವುದು ಎಂದು ಬಿಡಿಸಿ ಹೇಳುತ್ತಾನೆ. ನನಗೇನೂ ಆಗಿಲ್ಲ, ನಾನೇಕೆ ಮನೆಯಲ್ಲಿ ಕೂರಬೇಕು ಎಂಬ ವಾದ ಎಲ್ಲೆಡೆ ಕೇಳುತ್ತಿದ್ದ ದಿನಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಬೇರೆಲ್ಲೂ ಸಿಗಲಿಲ್ಲ. ಆ ಮೂರು ಮನೆಗಳನ್ನು ಬಿಡುವುದು ಎಷ್ಟು ನೋವಿನದು ಎಂಬುದನ್ನೂ ಚಿತ್ರ ಮುಚ್ಚಿಡುವುದಿಲ್ಲ.

ಇಷ್ಟು ಉದ್ದದ ಚಿತ್ರದಿಂದ ಇನ್ನೊಂದು ಲಾಭವೂ ಇತ್ತು. ದಿನಕ್ಕೆ ಮೂರು ಚಿತ್ರ ತುರುಕಿದಾಗ ಒಂದರ ಮುಖ ಇನ್ನೊಂದರ ಕಥೆಗೆ ಸೇರಿ ಏನೂ ಉಳಿಯುತ್ತಿರಲಿಲ್ಲ. ಇದನ್ನು ಎರಡು ಸಂಜೆಗೆ ಹಂಚಿಕೊಂಡಾಗ ನಾಳೆಗೆ ಕಾಯಲು ಒಂದು ಒಳ್ಳೆಯ ಕಾರಣ ಸಿಕ್ಕಿತು.

ಇಂಗ್ಮಾರ್ ಬರ್ಗ್‌ಮನ್ ಅವರ ‘ದಿ ಸೆವೆಂತ್ ಸೀಲ್’ (1957) ಕೂಡ ಇದೇ ಸಾಲಿಗೆ ಬರುತ್ತಿತ್ತು. ಪ್ಲೇಗು ಹಬ್ಬಿದ ನಾಡಿಗೆ ಧರ್ಮಯುದ್ಧದಿಂದ ಮರಳಿದ ಯೋಧ, ಕಾಲ ಗಿಟ್ಟಿಸಲು ಸಾವಿನೊಡನೆ ಚದುರಂಗಕ್ಕೆ ಕೂರುತ್ತಾನೆ. ಆ ಯೋಧನ ಪಾತ್ರ ಮಾಡಿದ್ದ ಮ್ಯಾಕ್ಸ್ ಫಾನ್ ಸಿಡೋ ತೀರಿಕೊಂಡದ್ದು 2020ರ ಮಾರ್ಚ್ 8ರಂದು, ತೊಂಬತ್ತನೆಯ ವಯಸ್ಸಿನಲ್ಲಿ. ಆ ವಾರ ಅದನ್ನು ಹಾಕಿದೆ, ಪೂರ್ತಿ ನೋಡಿದೆ, ಚಿತ್ರ ಅದ್ಭುತ. ಆದರೆ ಸಾವು ಎದುರಿಗೇ ಕೂತು ಮಾತಾಡುವುದನ್ನು ಕೇಳಲು ಅದು ಸರಿಯಾದ ವಾರವಲ್ಲ.

ಮತ್ತೆ ಇಂಥ ಕಾಲ ಬಂದು ಯಾರಾದರೂ ಕೇಳಿದರೆ, ಮೊದಲು ‘ಸೆವೆನ್ ಸಮುರಾಯ್’, ಆಮೇಲೆ ಹಗಲು ಹೊತ್ತಿನಲ್ಲಿ ‘ವೈರಸ್’ ಎನ್ನುತ್ತೇನೆ. ಆದರೆ ಫೋನಿನಲ್ಲಿ ಜೊತೆಗೂಡಿ ನೋಡುತ್ತಿದ್ದ ಆ ಗೆಳತಿಗೆ ಎರಡನ್ನೂ ಹೇಳಲಿಲ್ಲ. ಅವಳು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಮುಖಗವಸು, ಪಟ್ಟಿ, ಸಂಪರ್ಕಿತರ ಹೆಸರು ಇವೇ ಅವಳ ಹಗಲು. ಅವಳಿಗೆ ‘ಗೌರಿ ಗಣೇಶ’ವೇ ಬೇಕಿತ್ತು, ಅದೂ ನೋಡಿದ್ದನ್ನೇ ಮತ್ತೆ ಮತ್ತೆ. ಹಾಗಾಗಿ ನಾವು ಹಾಕಿದ್ದೂ ಅದನ್ನೇ.